ಊರುಗೋಲಿಲ್ಲದ ಸುತ್ತು

ನನ್ನ ತಮ್ಮ ಜಾಸ್ಪರ್ ಥ್ವೇಟ್ ಗಣಿತಜ್ಞನಾಗಿದ್ದ. ಬಹಳ ವರ್ಷ ಕೇಂಬ್ರಿಡ್ಜಿನಲ್ಲಿ ಪಾಠ ಹೇಳಿದ. ಹೆಂಡತಿ ತೀರಿಕೊಂಡ ಮೇಲೆ ಇನ್ನೂ ಶಾಲೆಗೆ ಸೇರದ ಮಗನನ್ನು ಕೈಹಿಡಿದುಕೊಂಡು, ನಾವಿಬ್ಬರೂ ಹುಟ್ಟಿದ ಸಾಲ್ಟರ್ಬಿಯ ಮನೆಗೆ ಬಂದುಬಿಟ್ಟ. ಆ ಮಗುವಿನ ಹೆಸರು ಆಂಬ್ರೋಸ್. ದೇವರು ನನಗೆ ಗಂಡನನ್ನು ಕೊಡಲಿಲ್ಲ, ಹೊಟ್ಟೆಯಲ್ಲಿ ಮಕ್ಕಳನ್ನು ಕೊಡಲಿಲ್ಲ, ಆಂಬ್ರೋಸನನ್ನು ಕೊಟ್ಟ. ಕೊಟ್ಟವನೇ ತೆಗೆದುಕೊಂಡ. ಬೈಬಲಿನಲ್ಲಿರುವಂತೆ ಈ ಮಾತಿನ ಬೆನ್ನಿಗೇ ಆತನ ನಾಮಕ್ಕೆ ಸ್ತೋತ್ರ ಹೇಳಬೇಕೆಂದು ನನಗೆ ಗೊತ್ತಿದೆ. ಎಷ್ಟೋ ವರ್ಷಗಳಿಂದ ಹೇಳಲು ಯತ್ನಿಸುತ್ತಿದ್ದೇನೆ.

ನಮ್ಮ ಇಗರ್ಜಿಯ ಗೋಪುರದಲ್ಲಿ ಎಂಟು ಗಂಟೆಗಳಿವೆ. ಎಲ್ಲಕ್ಕಿಂತ ದೊಡ್ಡದು ಸದಾ ಕೊನೆಯಲ್ಲಿ ನಿಂತು ತಾಳ ಹಿಡಿಯುತ್ತದೆ. ಉಳಿದ ಏಳು ಜಾಗ ಬದಲಿಸುತ್ತವೆ. ನಮ್ಮವರು ಗಂಟೆಗಳಲ್ಲಿ ರಾಗ ನುಡಿಸುವುದಿಲ್ಲ. ಚಿಕ್ಕದರಿಂದ ದೊಡ್ಡದರವರೆಗೆ ಮೆಟ್ಟಿಲಿಳಿದ ಹಾಗೆ ಬಾರಿಸಿ ಶುರುಮಾಡುತ್ತಾರೆ. ಎಂಟೂ ಒಂದೊಂದು ಸಲ ನುಡಿದರೆ ಒಂದು ಸಾಲು. ಆಮೇಲೆ ಪ್ರತಿ ಸಾಲಿನಲ್ಲೂ ಕ್ರಮ ಬದಲಾಗಬೇಕು. ಒಂದು ಗಂಟೆ ಪಕ್ಕದ ಗಂಟೆಯೊಡನೆ ಮಾತ್ರ ಜಾಗ ಬದಲಿಸಬಹುದು, ಹಾರಿ ಹೋಗುವಂತಿಲ್ಲ. ಏಳು ಗಂಟೆಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಲು ಸಾಧ್ಯವೋ ಅಷ್ಟೂ, ಅಂದರೆ ಐದು ಸಾವಿರಕ್ಕೂ ಮಿಕ್ಕಿದ ಸಾಲುಗಳು, ಒಂದೊಂದು ಸಲ ಮಾತ್ರ ಬಂದು, ಕೊನೆಗೆ ಮತ್ತೆ ಮೆಟ್ಟಿಲಿನ ಕ್ರಮಕ್ಕೆ ಮನೆ ಸೇರಿದರೆ ಅದು ಪೂರ್ಣ ಸುತ್ತು. ಅದಕ್ಕೆ ಮೂರು ತಾಸು ಬೇಕು. ಗಂಟೆಗೊಬ್ಬರಂತೆ ನಿಂತು ಬಾರಿಸುವವರು ಅಷ್ಟು ಹೊತ್ತೂ ಹಗ್ಗ ಬಿಡುವಂತಿಲ್ಲ, ಕಾಗದ ನೋಡುವಂತಿಲ್ಲ, ಮಾತಾಡುವಂತಿಲ್ಲ. ಒಂದೇ ಒಂದು ಸಾಲು ಎರಡನೆಯ ಸಲ ಬಂದರೂ ಆ ಸುತ್ತು ಸುಳ್ಳು. ಅದನ್ನು ಬಾರಿಸಿದೆವೆಂದು ಯಾರೂ ಹೇಳಿಕೊಳ್ಳುವುದಿಲ್ಲ.

ಗಂಟೆಗಳನ್ನು ಅವುಗಳ ಪಾಡಿಗೆ ಬಿಟ್ಟರೆ ಸ್ವಲ್ಪದರಲ್ಲೇ ಮನೆ ಸೇರಿಬಿಡುತ್ತವೆ. ಅದಕ್ಕೆ ಮುಂದಾಳು ತಕ್ಕ ಜಾಗದಲ್ಲಿ "ಬಾಬ್" ಎಂದು ಕೂಗುತ್ತಾನೆ. ಆಗ ಮೂರು ಗಂಟೆಗಳು ದಾರಿ ತಪ್ಪಿಸಿಕೊಂಡು ಹೊಸ ಸಾಲುಗಳಿಗೆ ಹೊರಳುತ್ತವೆ. ಇನ್ನೊಂದು ಕೂಗೂ ಉಂಟು. ಅದಕ್ಕೆ ಎರಡೇ ಗಂಟೆಗಳು ಅದಲು ಬದಲಾಗುತ್ತವೆ. ನಮ್ಮೂರಿನವರು ಅದನ್ನು ಊರುಗೋಲು ಎನ್ನುತ್ತಾರೆ. ನಮ್ಮ ಅಜ್ಜಂದಿರ ಕಾಲದಿಂದ ಸಾಲ್ಟರ್ಬಿಗೇ ಸ್ವಂತವಾದ ಒಂದು ಪದ್ಧತಿ ಇದೆ. ಅದರಲ್ಲಿ ಊರುಗೋಲು ಹಿಡಿಯದೆ ಪೂರ್ಣ ಸುತ್ತು ಬಾರಿಸಿದವರು ಒಬ್ಬರೂ ಇರಲಿಲ್ಲ. ಕಾಲುವೆಯಾಚೆ ಊರಿನವರು ಸಂತೆಯಲ್ಲಿ ಸಿಕ್ಕರೆ ಸಾಕು, ಕುಂಟುತ್ತ ನಡೆದು ತೋರಿಸಿ ನಗುತ್ತಿದ್ದರು.

ಓಬೆಡ್ ಪಿಂಚ್‌ಬೆಕ್ ಎಂಬವನು ಗಾಡಿಯ ಚಕ್ರ ಮಾಡುವ ಬಡಗಿ, ಗೋಪುರದ ಯಜಮಾನ. ದೊಡ್ಡ ಗಂಟೆ ಅವನದು. ಆಂಬ್ರೋಸನಿಗೆ ಹಗ್ಗ ಹಿಡಿಯಲು ಕಲಿಸಿದವನು ಅವನೇ. ಇಪ್ಪತ್ತು ತುಂಬುವ ಮೊದಲೇ ಆಂಬ್ರೋಸ್ ಆರನೆಯ ಗಂಟೆ ಬಾರಿಸುತ್ತ ಕೂಗು ಹಾಕುವ ಮುಂದಾಳಾದ. ಓಬೆಡನ ಮಗಳು ಥರ್ಜಾ ಮೂರನೆಯ ಗಂಟೆಗೆ ನಿಲ್ಲುತ್ತಿದ್ದಳು. ಅವರಿಬ್ಬರೂ ಮದುವೆಯಾಗುತ್ತಾರೆಂದು ಊರಿಗೆಲ್ಲ ಗೊತ್ತಿತ್ತು. ಅವರಿಗೆ ಮಾತ್ರ ತಡವಾಗಿ ಗೊತ್ತಾಯಿತು.

ಮಹಾಯುದ್ಧ ಶುರುವಾಗುವ ಹಿಂದಿನ ಬೇಸಿಗೆ, ಭಾನುವಾರದ ಊಟಕ್ಕೆ ಅವರೆಲ್ಲ ನಮ್ಮಲ್ಲಿದ್ದರು.

"ಅಪ್ಪಾ, ಧೂಮಕೇತು ಯಾವತ್ತು ಬರತ್ತೆ ಅಂತ ಲೆಕ್ಕ ಹಾಕ್ತೀಯ. ನಮ್ಮೂರಿನ ಏಳು ಗಂಟೆ ಊರುಗೋಲಿಲ್ದೆ ಮನೆಗೆ ಬರೋ ದಾರಿ ಹೇಳು ನೋಡೋಣ," ಎಂದ ಆಂಬ್ರೋಸ್.

"ಅದೇನು ದೊಡ್ಡ ವಿಷ್ಯ," ಎಂದ ಜಾಸ್ಪರ್.

ಓಬೆಡ್ ಬಾಯಿತುಂಬ ಪೋರ್ಕ್ ಪೈ ಇಟ್ಟುಕೊಂಡೇ ನನ್ನ ಕಡೆ ತಿರುಗಿ ನಕ್ಕ. "ಕೇಳ್ದ್ರಾ ಹೆಪ್ಸಿಯಮ್ಮ? ನಮ್ಮಪ್ಪ ಸತ್ತ, ಅವರಪ್ಪ ಸತ್ತ, ಯಾರ ಕೈಲೂ ಆಗ್ಲಿಲ್ಲ. ಮೇಷ್ಟ್ರು ಪುಡಿಂಗ್ ಬರೋಷ್ಟ್ರಲ್ಲಿ ಮಾಡಿ ಮುಗಿಸ್ತಾರಂತೆ."

"ನಿಮ್ಮಪ್ಪನಿಗೆ ಕೂಡೋದು ಕಳೆಯೋದು ಬರ್ತಿತ್ತಾ ಓಬೆಡ್?"

"ಕುಡಿಯೋದು ಬರ್ತಿತ್ತು ಮೇಷ್ಟ್ರೇ. ಮಿಕ್ಕಿದ್ದು ನಮ್ಮಮ್ಮ ನೋಡ್ಕೊಳ್ತಿದ್ದಳು."

ಆ ಮಧ್ಯಾಹ್ನದ ನಗು ನನಗೆ ಈಗಲೂ ಕೇಳಿಸುತ್ತದೆ. ಪುಡಿಂಗ್ ಬಂತು, ಹೋಯಿತು. ಜಾಸ್ಪರನಿಗೆ ದಾರಿ ಸಿಗಲಿಲ್ಲ. ಮುಂದಿನ ವರ್ಷ ಆಂಬ್ರೋಸ್ ಸೈನ್ಯಕ್ಕೆ ಹೊರಟಾಗಲೂ ಸಿಕ್ಕಿರಲಿಲ್ಲ. ಥರ್ಜಾಳೂ ನಮ್ಮ ಜೊತೆ ನಿಲ್ದಾಣಕ್ಕೆ ಬಂದಿದ್ದಳು. ರೈಲು ಹತ್ತಿದ ಮೇಲೆ ಆಂಬ್ರೋಸ್ ಕಿಟಕಿಯಿಂದ ಬಾಗಿ, "ನಾನು ವಾಪಸ್ ಬರೋಷ್ಟ್ರಲ್ಲಿ ಹುಡುಕಿಡಪ್ಪಾ. ನಾನೇ ಕೂಗ್ತೀನಿ. ಮಾತು ಕೊಡು," ಎಂದ.

"ಕೊಟ್ಟೆ," ಎಂದ ಜಾಸ್ಪರ್.

"ಅತ್ತೆ, ನೀನೇ ಸಾಕ್ಷಿ," ಎಂದು ಆಂಬ್ರೋಸ್ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನಾನು ಅವನನ್ನು ನೋಡಿದ್ದು ಅದೇ ಕೊನೆ.

ಫ್ಲಾಂಡರ್ಸಿನ ರಣರಂಗದ ಕೆಸರು ಅವನನ್ನು ನುಂಗಿತು. ದೇಹ ಸಿಗಲಿಲ್ಲ. ಗುಂಡಿ ಎಲ್ಲಿ, ಶಿಲುಬೆ ಎಲ್ಲಿ ಎಂದು ಕೇಳಲೂ ಜಾಗವಿರಲಿಲ್ಲ. ನಮ್ಮೂರಿನಲ್ಲಿ ಹುಡುಗನೊಬ್ಬ ಸತ್ತ ಸುದ್ದಿ ಬಂದರೆ ಗಂಟೆಗಳ ನಾಲಿಗೆಗೆ ಒಂದು ಬದಿ ಚರ್ಮ ಕಟ್ಟುತ್ತಾರೆ. ಒಂದು ಪೆಟ್ಟು ಸ್ಪಷ್ಟವಾಗಿ ಕೇಳುತ್ತದೆ. ಮುಂದಿನ ಪೆಟ್ಟು ಬಹಳ ದೂರದಿಂದ ಯಾರೋ ಅದಕ್ಕೆ ಉತ್ತರ ಕೊಟ್ಟಂತೆ ಬರುತ್ತದೆ. ಮಣ್ಣಾಗದ ಹುಡುಗರಿಗೆ ಅದೇ ಮಣ್ಣು. ಓಬೆಡ್ ಟೋಪಿ ಕೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದ.

"ಚರ್ಮ ಕಟ್ಟಿದ್ದೀವಿ ಮೇಷ್ಟ್ರೇ. ಸಾಯಂಕಾಲ ಬಾರಿಸ್ತೀವಿ."

"ಬೇಡ," ಎಂದ ಜಾಸ್ಪರ್.

"ಬೇಡ ಅಂದ್ರೆ?"

"ಅವನಿಗೆ ಒಂದು ಸುತ್ತು ಬಾಕಿ ಇದೆ ಓಬೆಡ್. ಮಾತು ಕೊಟ್ಟಿದ್ದೀನಿ. ಅದು ಸಿಕ್ಕಿದ ದಿನ ಬಾರಿಸಿ. ಅಲ್ಲೀವರೆಗೂ ಅವನ ಹೆಸರಲ್ಲಿ ಒಂದು ಪೆಟ್ಟೂ ಬೀಳಕೂಡದು."

ಓಬೆಡ್ ನನ್ನ ಮುಖ ನೋಡಿದ. ನಾನು ಏನು ಹೇಳಲಿ? ತಂದೆ ಜಾಸ್ಪರ್. ಓಬೆಡ್ ಹೋಗಿ ಚರ್ಮ ಬಿಚ್ಚಿದ. ಪಾದ್ರಿಗಳು ಬಂದು ಪ್ರಾರ್ಥನೆಯಾದರೂ ಇಟ್ಟುಕೊಳ್ಳೋಣವೆಂದರು. ಜಾಸ್ಪರ್ ಅದಕ್ಕೂ ಒಪ್ಪಲಿಲ್ಲ. ಹೀಗೆ ನಮ್ಮ ಹುಡುಗ ಸತ್ತೂ ಯಾರೂ ಕಳಿಸಿಕೊಡದವನಾಗಿ ಉಳಿದ. ನಾನು ಅಡಿಗೆಮನೆಯಲ್ಲಿ ಮೊಣಕಾಲೂರಿ, ಸದ್ದಾಗದಂತೆ ಅವನಿಗಾಗಿ ಬೇಡಿಕೊಳ್ಳುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಜಾಸ್ಪರನ ಪೆನ್ಸಿಲು ಗೀಚುವುದು ಕೇಳುತ್ತಿತ್ತು. ನನ್ನ ಪ್ರಾರ್ಥನೆಯಲ್ಲಿ ಒಂದೇ ಬೇಡಿಕೆ ಉಳಿಯಿತು: ದೇವರೇ, ಆ ದಾರಿಯನ್ನು ಜಾಸ್ಪರನಿಗೆ ತೋರಿಸು.

ಯುದ್ಧ ಮುಗಿದ ಮರುವರ್ಷ, ಜೌಗುಗದ್ದೆಗಳ ಮೇಲೆ ಬಾತುಗಳ ಸಾಲು ಇಳಿಯುವ ಕಾಲ. ನಾನು ಕಿಟಕಿಯ ಬಳಿ ಕಾಲುಚೀಲ ಹೆಣೆಯುತ್ತಿದ್ದೆ. ಸೈನಿಕರಿಗೆಂದು ತಂದ ಬೂದು ನೂಲು ಮನೆಯಲ್ಲಿ ಇನ್ನೂ ಉಳಿದಿತ್ತು. ಜಾಸ್ಪರ್ ಬಂದು ಎದುರಿಗೆ ಕುಳಿತ. ಅವನ ಮುಖ ಶಾಂತವಾಗಿತ್ತು. ದಾರಿ ಸಿಕ್ಕಿತೆಂದು ನಾನು ತಿಳಿದೆ.

"ಸ್ವಲ್ಪ ನೂಲು ಕೊಡು ಹೆಪ್ಸಿ. ಕತ್ತರೀನೂ ಕೊಡು."

ನೂಲು ಕತ್ತರಿಸಿ, ತುದಿಗೆ ತುದಿ ಗಂಟು ಹಾಕಿ, ಎಂಟು ಬಳೆ ಮಾಡಿ ಮೇಜಿನ ಮೇಲೆ ಇಟ್ಟ.

"ಏನೂ ಕೂಗದೆ ಬಿಟ್ರೆ ನಮ್ಮ ಸಾಲುಗಳೆಲ್ಲ ಹೀಗೆ ಬೇರೆ ಬೇರೆ ಬಳೆಗಳಾಗಿ ಬೀಳ್ತವೆ. ನಿಜವಾಗಿ ತುಂಬ ಬಳೆ ಇವೆ, ಎಂಟು ಅಂದ್ಕೋ. ಪೂರ್ಣ ಸುತ್ತು ಅಂದ್ರೆ ಎಲ್ಲಾ ಸೇರಿ ಒಂದೇ ಬಳೆ ಆಗ್ಬೇಕು. ತಿಳೀತಾ?"

"ಹ್ಞೂಂ."

"ಬಾಬ್ ಕೂಗಿದ್ರೆ ಮೂರು ಬಳೆ ಕತ್ತರಿಸಿ, ಒಂದರ ತುದಿ ಇನ್ನೊಂದಕ್ಕೆ ಕಟ್ಟಿದ ಹಾಗೆ." ಮೂರು ಬಳೆ ಕತ್ತರಿಸಿ ಒಂದು ದೊಡ್ಡ ಬಳೆ ಮಾಡಿದ. "ಈಗ ಎಷ್ಟಿದೆ?"

"ಆರು."

"ಇನ್ನೊಂದ್ಸಲ ನೀನೇ ಮಾಡು."

ಮಾಡಿದೆ. ನಾಲ್ಕಾಯಿತು. ಮತ್ತೆ ಮಾಡಿದೆ. ಎರಡಾಯಿತು. ಕತ್ತರಿ ಹಿಡಿದು ಮುಂದಕ್ಕೆ ಕೈ ಚಾಚಿದವಳು ನಿಂತೆ.

"ಮಾಡು," ಎಂದ ಜಾಸ್ಪರ್.

"ಮೂರು ಬೇಕಲ್ಲ."

"ಮೂರು ಬೇಕು. ಇರೋದು ಎರಡು. ಹೇಗೆ ಕಟ್ಟಿದ್ರೂ ಕಡಿಮೆ ಆಗೋದು ಎರಡೆರಡೇ. ಕೆಲವು ಸಲ ಬಿಚ್ಚಿಕೊಂಡು ಎರಡು ಜಾಸ್ತಿ ಆಗ್ಬಹುದು. ಶುರುವಿನ ಬಳೆಗಳು ಸಮಸಂಖ್ಯೆ. ಕೊನೆಗೂ ಸಮಸಂಖ್ಯೆ. ಒಂದು ಆಗೋದೇ ಇಲ್ಲ."

"ಹಾಗಾದ್ರೆ ಊರುಗೋಲು?"

"ಅದು ಎರಡು ಬಳೆ ಸೇರಿಸತ್ತೆ. ಅದಕ್ಕೇ ಅದು ಬೇಕಾಗೋದು. ನಮ್ಮ ಹಿರಿಯರಿಗೆ ಬುದ್ಧಿ ಸಾಲದೆ ಅಲ್ಲ ಹೆಪ್ಸಿ. ದಾರೀನೇ ಇಲ್ಲ."

ನಾನು ಆ ಎರಡು ಬೂದು ಬಳೆಗಳನ್ನು ನೋಡುತ್ತ ಕುಳಿತೆ. ಬಾಲ್ಯದಿಂದ ಕಲಿತ ಮಾತು ತಾನಾಗಿ ಬಾಯಿಗೆ ಬಂತು. "ದೇವರಿಗೆ ಅಸಾಧ್ಯವಾದದ್ದು ಯಾವುದೂ ಇಲ್ಲ, ಜಾಸ್ಪರ್."

"ಇದೊಂದಿದೆ," ಎಂದ. ಕೋಪದಿಂದಲ್ಲ. ನನ್ನನ್ನು ನೋಯಿಸಬೇಕೆಂದೂ ಅಲ್ಲ. ಮಳೆ ಬರುತ್ತಿದೆ ಎನ್ನುವವನಂತೆ ಹೇಳಿದ. "ನಾನೂ ಇಷ್ಟು ವರ್ಷ ಅದನ್ನೇ ನಂಬ್ಕೊಂಡು ಕೂತಿದ್ದೆ. ಆಗಲ್ಲ ಹೆಪ್ಸಿ. ಅವನು ಬದುಕಿ ಬಂದಿದ್ರೂ ಆಗ್ತಿರ್ಲಿಲ್ಲ."

ಅಂದಿನಿಂದ ಅವನು ಮಾಡಿದ ಕೆಲಸವನ್ನು ಬೇರೆ ಯಾವ ಗಣಿತಜ್ಞನೂ ಮಾಡಿರಲಾರನೆಂದು ತೋರುತ್ತದೆ. ದಾರಿಯಿಲ್ಲವೆಂದು ತಾನೇ ಕೊಟ್ಟ ಪುರಾವೆಯಲ್ಲಿ ತಪ್ಪೊಂದು ಸಿಗಲಿ ಎಂದು ಹುಡುಕತೊಡಗಿದ. ಸಾಲು ಸಾಲಾಗಿ ಬರೆದು ಒಡೆಯುತ್ತಿದ್ದ, ಮತ್ತೆ ಕಟ್ಟುತ್ತಿದ್ದ. ಊಟಕ್ಕೆ ಕರೆದರೆ, "ಇರು, ಒಂದು ಜಾಗ ಸಡಿಲ ಇದ್ದ ಹಾಗಿದೆ," ಎನ್ನುತ್ತ ಕಣ್ಣರಳಿಸುತ್ತಿದ್ದ. ಸಂಜೆಯ ಹೊತ್ತಿಗೆ ಆ ಜಾಗ ಗಟ್ಟಿಯಾಗಿರುತ್ತಿತ್ತು. ತನ್ನ ಕಣ್ಣಿಗೆ ಕಾಣದ್ದು ಬೇರೆಯವರಿಗೆ ಕಂಡೀತೆಂದು ಕಡೆಗೆ ಆ ಕಾಗದಗಳನ್ನೆಲ್ಲ ಕೇಂಬ್ರಿಡ್ಜಿಗೆ ಕಳಿಸಿದ.

ವಸಂತದಲ್ಲಿ ಅಲ್ಲಿಂದ ಡಾಕ್ಟರ್ ಮಾರ್ಚ್‌ಬ್ಯಾಂಕ್ಸ್ ಎಂಬವರು ತಾವೇ ಹೊರಟು ಬಂದರು. ಕೆಂಪು ಕೆನ್ನೆಯ, ಒಳ್ಳೆಯ ಮನಸ್ಸಿನ ಮನುಷ್ಯ. ನಾನು ಒಣದ್ರಾಕ್ಷಿ ಹಾಕಿದ ಬ್ರೆಡ್ಡು, ಬೆಣ್ಣೆ, ಚಹಾ ಇಟ್ಟೆ. ಅವರು ಕುಳಿತುಕೊಳ್ಳುವ ಮೊದಲೇ ಜಾಸ್ಪರ್ ಕೇಳಿದ:

"ಎಲ್ಲಿ ಸಿಕ್ತು?"

"ಏನು ಎಲ್ಲಿ ಸಿಕ್ತು?"

"ತಪ್ಪು."

ಮಾರ್ಚ್‌ಬ್ಯಾಂಕ್ಸ್ ಗಟ್ಟಿಯಾಗಿ ನಕ್ಕರು. "ತಪ್ಪಾ! ಥ್ವೇಟ್, ನಾವು ಮೂರು ಜನ ಕೂತು ಅರೆದು ನೋಡಿದ್ವಿ. ಒಂದು ಕೂದಲು ತೂರಿಸೋಷ್ಟು ಸಂದಿಲ್ಲ. ನಿಮ್ಮ ಜೀವಮಾನದ ಕೆಲ್ಸ ಇದು ಕಣ್ರೀ. ಇದನ್ನ ಅಚ್ಚು ಹಾಕಿಸ್ಬೇಕು, ನೀವು ಬಂದು ಎಲ್ಲರೆದುರಿಗೆ ಓದ್ಬೇಕು."

"ಇನ್ನೊಂದ್ಸಲ ನೋಡಿ."

"ಬೇಕಾದಷ್ಟು ನೋಡಿಯಾಯ್ತು ಮಾರಾಯ್ರೆ. ಮೊದ್ಲಿಂದ್ಲೂ ನೀವು ಹೀಗೇ, ಹೊಗಳಿದ್ರೆ ನಂಬಲ್ಲ." ನನ್ನ ಕಡೆ ತಿರುಗಿ, "ನಿಮ್ಮ ತಮ್ಮ ಅಳಿಯದ ಕೆಲ್ಸ ಮಾಡಿದಾರೆ ಅಮ್ಮ. ನಾಳೆ ನಾವೆಲ್ಲ ಮಣ್ಣಾಗ್ತೀವಿ, ಇದು ಮಾತ್ರ ಹೀಗೇ ನಿಲ್ಲತ್ತೆ. ದೇವರಾಣೆ, ಇದನ್ನ ಯಾರೂ ಅಲ್ಲಾಡ್ಸಕ್ಕಾಗಲ್ಲ," ಎಂದರು.

ಜಾಸ್ಪರ್ ಅವರ ಕೈ ಕುಲುಕಿದ. ಚಹಾ ಬಗ್ಗಿಸಿಕೊಟ್ಟ. ನಿಲ್ದಾಣದವರೆಗೂ ಹೋಗಿ ರೈಲು ಹತ್ತಿಸಿ ಬಂದ. ನ್ಯಾಯಾಲಯದಲ್ಲಿ ತೀರ್ಪು ಕೇಳಿಸಿಕೊಂಡವನು ನ್ಯಾಯಾಧೀಶರಿಗೆ ಮರ್ಯಾದೆ ತಪ್ಪದೆ ತಲೆಬಾಗುವಂತೆ ಇತ್ತು ಅದು. ಮನೆಗೆ ಬಂದವನು ಪೆನ್ಸಿಲು ಮುಟ್ಟಲಿಲ್ಲ. ಅಚ್ಚು ಹಾಕಿಸಲು ಬಿಡಲಿಲ್ಲ. ಕೇಳಿದವರಿಗೆ ಉತ್ತರವನ್ನೂ ಕೊಡಲಿಲ್ಲ.

ಓಬೆಡ್ ಮತ್ತು ಥರ್ಜಾ ಬಂದರು. ದಾರಿ ಇಲ್ಲವೆಂಬ ಸುದ್ದಿ ಗೋಪುರಕ್ಕೆ ಮುಟ್ಟಿತ್ತು. ಓಬೆಡನೇ ಮಾತು ತೆಗೆದ.

"ಮೇಷ್ಟ್ರೇ, ಒಂದ್ ಲೆಕ್ಕಕ್ಕೆ ಒಳ್ಳೇದೇ ಆಯ್ತು. ಕಾಲುವೆಯಾಚೆ ನನ್ಮಕ್ಳು ಇನ್ನು ಕುಂಟಿ ತೋರ್ಸಂಗಿಲ್ಲ. ಈಗ ಊರುಗೋಲು ಹಿಡ್ಕೊಂಡೇ ಬಾರಿಸೋಣ. ಎಲ್ಲಿ ಕೂಗ್ಬೇಕು ಅನ್ನೋದು ನಿಮ್ಮ ಲೆಕ್ಕದ ಪ್ರಕಾರವೇ ಇರ್ಲಿ. ಹುಡುಗನ್ನ ಕಳಿಸ್ಕೊಡೋಣ."

"ಅದು ಯಾರ ಸುತ್ತೋ ಆಗತ್ತೆ ಓಬೆಡ್. ಅವನು ಕೇಳಿದ್ದಲ್ಲ."

ಥರ್ಜಾ ಅಲ್ಲಿಯವರೆಗೆ ಬಾಗಿಲಿಗೆ ಒರಗಿ ನಿಂತಿದ್ದಳು. ಯುದ್ಧದ ಕಾಲದಿಂದ ಆಂಬ್ರೋಸನ ಆರನೆಯ ಗಂಟೆ ಅವಳ ಕೈಗೆ ಬಂದಿತ್ತು. ಕೂಗು ಹಾಕುವವಳೂ ಅವಳೇ. "ಸತ್ತೋರಿಗೆ ಲೆಕ್ಕ ಬೇಡ ಸಾರ್," ಎಂದಳು, "ಸದ್ದು ಬೇಕು."

"ನನಗೆ ಬೇಕು ಥರ್ಜಾ."

"ನಿಮಗೆ ಲೆಕ್ಕ ಸಿಕ್ತಲ್ಲ! ಕೇಂಬ್ರಿಡ್ಜಿಂದ ಬಂದು ಭೇಷ್ ಅಂದು ಹೋದ್ರಲ್ಲ! ನನಗೇನು ಸಿಕ್ತು? ಅವನಿಗೇನು ಸಿಕ್ತು?"

"ಥರ್ಜಾ!" ಎಂದು ಓಬೆಡ್ ಗದರಿದ.

"ಹೇಳ್ಲಿ ಬಿಡು," ಎಂದ ಜಾಸ್ಪರ್. "ಸರಿಯಾಗೇ ಹೇಳ್ತಿದ್ದಾಳೆ." ಆದರೆ ಒಪ್ಪಲಿಲ್ಲ. ಥರ್ಜಾ ಅಂಗಳದಲ್ಲಿ ನಿಂತು ಅತ್ತಳು. ನಾನು ಅವಳ ತಲೆ ಸವರಿದೆ.

ಆ ಚಳಿಗಾಲದಲ್ಲಿ ಜಾಸ್ಪರ್ ಹಾಸಿಗೆ ಹಿಡಿದ. ವೈದ್ಯರು ಎದೆಯ ಕಾಯಿಲೆ ಎಂದರು. ತಿನ್ನಲು ಕೊಟ್ಟರೆ, ನನ್ನ ಮನಸ್ಸಿಗಾಗಿ ಎರಡು ಚಮಚ ನುಂಗಿ ಮುಖ ತಿರುಗಿಸುತ್ತಿದ್ದ. ಒಂದು ಬೆಳಿಗ್ಗೆ ನನ್ನ ಕೈ ಹಿಡಿದುಕೊಂಡು, "ಹೆಪ್ಸಿ, ಅಲ್ಲಿ ಅವನು ಸಿಕ್ಕಿದ್ರೆ ಏನು ಹೇಳ್ಲಿ?" ಎಂದು ಕೇಳಿದ. ಪರಲೋಕವಿದೆ ಎಂದು ಅವನು ಒಪ್ಪಿದಂತೆ ಮಾತಾಡಿದ್ದು ಅದೊಂದೇ ಸಲ. ನಾನು ಸಂತೋಷಪಡಬೇಕಾಗಿತ್ತು.

"ಹುಡುಕಿದೆ ಅಂತ ಹೇಳು," ಎಂದೆ.

"ಇಲ್ಲ ಅನ್ನೋದು ಗೊತ್ತಾದ ಮೇಲೆ, ಹುಡುಕಿದೆ ಅನ್ನೋದು ಉತ್ತರ ಅಲ್ಲ," ಎಂದ. ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ಹಿಂದಿನ ವಾರ ತೀರಿಕೊಂಡ.

ಶವಕ್ಕೆ ಬಟ್ಟೆ ತೊಡಿಸುತ್ತಿದ್ದಾಗ ಓಬೆಡ್ ಹಿತ್ತಿಲ ಬಾಗಿಲಿಂದ ಬಂದ. "ಹೆಪ್ಸಿಯಮ್ಮ, ಈಗ ನೀವೇ ಹೇಳ್ಬೇಕು. ಅಪ್ಪನಿಗೂ ಮಗನಿಗೂ ಸೇರಿಸಿ ಒಂದು ಪೂರ್ಣ ಸುತ್ತು ಬಾರಿಸ್ತೀವಿ. ಮೊದಲರ್ಧ ಮೇಷ್ಟ್ರಿಗೆ. ಅದು ಮುಗಿಯೋ ಜಾಗದಲ್ಲಿ ಥರ್ಜಾ ಊರುಗೋಲು ಕೂಗಿ ಮುಂದಿನರ್ಧಕ್ಕೆ ದಾಟಿಸ್ತಾಳೆ. ಉಳಿದರ್ಧ ಆಂಬ್ರೋಸನಿಗೆ. ತಪ್ಪಾ?"

ಜಾಸ್ಪರ್ ಬೇಡವೆಂದಿದ್ದ. ಆದರೆ ಆಂಬ್ರೋಸ್ ನನ್ನ ಮಗುವೂ ಹೌದು. "ತಪ್ಪಲ್ಲ. ಬಾರಿಸಿ," ಎಂದೆ.

ಜಾಸ್ಪರನನ್ನು ಮಣ್ಣು ಮಾಡಿ ಬಂದ ಮೇಲೆ ನಾನು ಇಗರ್ಜಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಅಲ್ಲಿಂದ ಗೋಪುರದ ಕಮಾನಿನೊಳಗೆ ಎಂಟು ಜನರೂ ಕಾಣುತ್ತಿದ್ದರು. ನಾಲಿಗೆಗಳಿಗೆ ಚರ್ಮ ಕಟ್ಟಿಯಾಗಿತ್ತು. ಥರ್ಜಾ ತಲೆಗೆ ಕಪ್ಪು ಬಟ್ಟೆ ಕಟ್ಟಿದ್ದಳು. ಆರನೆಯ ಗಂಟೆಯ ಹಗ್ಗದಲ್ಲಿ ಆಂಬ್ರೋಸನ ಕೈಯಿಂದ ಸವೆದ ಜಾಗ ಇನ್ನೂ ಹಾಗೇ ಇತ್ತು. ಓಬೆಡ್ ತಲೆಯಾಡಿಸಿದ. ಗಂಟೆಗಳು ಮೆಟ್ಟಿಲಿಳಿದವು, ಒಮ್ಮೆ ಸ್ಪಷ್ಟವಾಗಿ, ಒಮ್ಮೆ ದೂರದಿಂದ. ಆಮೇಲೆ ಬದಲಾಗತೊಡಗಿದವು.

ನನಗೆ ಆ ಸಾಲುಗಳು ತಿಳಿಯುವುದಿಲ್ಲ. ಆದರೆ ಹುಟ್ಟಿದಾಗಿನಿಂದ ಆ ಗೋಪುರದ ಕೆಳಗೇ ಬಾಳಿದವಳು. ಚೆನ್ನಾಗಿ ಬಾರಿಸುತ್ತಿದ್ದಾರೋ ಇಲ್ಲವೋ ಕಿವಿಗೆ ಗೊತ್ತಾಗುತ್ತದೆ. ಅಂದು ಬಾರಿಸಿದಷ್ಟು ಚೆನ್ನಾಗಿ ಸಾಲ್ಟರ್ಬಿಯವರು ಎಂದೂ ಬಾರಿಸಿರಲಿಲ್ಲ. ನಡುನಡುವೆ ಥರ್ಜಾಳ ದನಿ, ಬಾಬ್, ಬಾಬ್, ಎಂದು ಬರುತ್ತಿತ್ತು. ಹೊರಗೆ ಬಿಸಿಲು ವಾಲಿತು. ನಾನು ಕೀರ್ತನೆಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದೆ. ಹೊತ್ತು ಹೋದಂತೆ ಎದೆಯಲ್ಲಿ ಏನೋ ಸಡಿಲವಾಯಿತು. ಅರ್ಧ ಹತ್ತಿರವಾಗುತ್ತಿದೆ, ಇನ್ನು ಆಂಬ್ರೋಸನ ಸರದಿ ಎಂದುಕೊಂಡೆ.

ಆಗ ಓಬೆಡ್ ಕತ್ತೆತ್ತಿ ಮಗಳನ್ನು ನೋಡಿದ. ಕೂಗುವ ಜಾಗ ಬಂದಿತ್ತು. ಥರ್ಜಾ ಬಾಯಿ ತೆರೆದಳು. ತೆರೆದ ಬಾಯಿ ಹಾಗೇ ಇತ್ತು, ಮಾತು ಬರಲಿಲ್ಲ. ಅವಳ ಕೈಗಳು ಹಗ್ಗವನ್ನು ತಪ್ಪದೆ ಎಳೆಯುತ್ತಿದ್ದವು. ಒಂದು ಸಾಲು ಹೋಯಿತು, ಇನ್ನೊಂದು ಹೋಯಿತು. ಆಮೇಲೆ ಗಂಟೆಗಳು ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು, ಚಿಕ್ಕದರಿಂದ ದೊಡ್ಡದರವರೆಗೆ ಮೆಟ್ಟಿಲಿಳಿದವು. ಊರುಗೋಲಿಲ್ಲದೆ, ಅರ್ಧಕ್ಕೇ, ಮನೆ ಸೇರಿದವು.

ಮನೆ ಸೇರಿದ ಮೇಲೆ ಮುಂದಕ್ಕೆ ಬಾರಿಸುವಂತಿಲ್ಲ. ಬಾರಿಸಿದರೆ ಹಳೆಯ ಸಾಲುಗಳೇ ಬಂದು ಎಲ್ಲವೂ ಸುಳ್ಳಾಗುತ್ತದೆ. ಓಬೆಡ್ ಸ್ವಲ್ಪ ಕಾದ. ಅವನ ಮುಖ ನೋಡಲಾಗುತ್ತಿರಲಿಲ್ಲ.

"ನಿಲ್ಲಿ," ಎಂದ.

ಗಂಟೆಗಳು ನಿಂತವು. ಥರ್ಜಾ ಹಗ್ಗ ಬಿಟ್ಟು ಬಂದು ನನ್ನ ಪಕ್ಕದಲ್ಲಿ ಕುಸಿದಳು.

"ಬಾಯಿಗೆ ಬರ್ಲಿಲ್ಲ ಹೆಪ್ಸಿ ಅತ್ತೆ. ಕೂಗೋಣ ಅಂದ್ರೆ, ಆ ರೈಲಿನ ಕಿಟಕೀಲಿ ಬಗ್ಗಿ ನಿಂತಿದ್ನಲ್ಲ, ಹಾಗೇ ಕಂಡ. ನಾನೇ ಕೂಗ್ತೀನಿ ಅಂದಿದ್ನಲ್ಲ. ನಾನ್ಹೇಗೆ ಕೂಗ್ಲಿ?"

"ಆಯ್ತು ಮಗಳೇ, ಆಯ್ತು," ಎಂದೆ. ಏನೂ ಆಗಿರಲಿಲ್ಲ. ಸಂಕಟ ಅದೇ ಅಲ್ಲವೇ?

ಓಬೆಡ್ ಏಣಿ ಹತ್ತಿ ಹೋಗಿ ಚರ್ಮಗಳನ್ನು ಬಿಚ್ಚಿ ತಂದು ಪೆಟ್ಟಿಗೆಗೆ ಹಾಕಿದ. ಮುಂದಿನ ವರ್ಷ ಮತ್ತೆ ಬಾರಿಸೋಣವೆಂದ. ಆದರೆ ಅವನ ಭುಜ ಸೋತಿತು. ಥರ್ಜಾ ಕೆಲಸಕ್ಕೆಂದು ಹಲ್ ಪಟ್ಟಣಕ್ಕೆ ಹೋದಳು, ಮತ್ತೆ ಹಗ್ಗ ಮುಟ್ಟಲಿಲ್ಲವಂತೆ. ಕಾಲುವೆಯಾಚೆಯವರು ಈಗ ಕುಂಟಿ ತೋರಿಸುವುದಿಲ್ಲ. ಅಲ್ಲಿಯೂ ಬಾರಿಸುವ ಹುಡುಗರು ಉಳಿದಿಲ್ಲ.

ಇಗರ್ಜಿಯ ಗೋಡೆಯ ಕಲ್ಲಿನಲ್ಲಿ ಆಂಬ್ರೋಸನ ಹೆಸರು ಇದೆ. ಭಾನುವಾರ ನಾನು ಅದರ ಕೆಳಗೆ ಕುಳಿತುಕೊಳ್ಳುತ್ತೇನೆ. ದೇವರಿಗೆ ಅಸಾಧ್ಯವಾದದ್ದು ಯಾವುದೂ ಇಲ್ಲ ಎಂಬ ವಾಕ್ಯವನ್ನು ಪಾದ್ರಿಗಳು ಓದಿದಾಗ ಎಲ್ಲರೂ ಆಮೆನ್ ಎನ್ನುತ್ತಾರೆ. ನನ್ನ ತುಟಿ ಮಾತ್ರ ಬಿಚ್ಚುವುದಿಲ್ಲ. ಆಮೇಲೆ ಮನೆಗೆ ಬಂದು, ಬಿಚ್ಚದ ತುಟಿಗಾಗಿ ಕ್ಷಮೆ ಬೇಡುತ್ತೇನೆ. ಆಂಬ್ರೋಸನಿಗಾಗಿಯೂ ಬೇಡುತ್ತೇನೆ. ಅವನ ಪಾಲಿನ ಅರ್ಧವನ್ನು ಇದುವರೆಗೆ ಯಾರೂ ಬಾರಿಸಿಲ್ಲ.